ಮಿದುಳಿನ ಮಚ್ಚೆಗಳೂ ಮನಸ್ಸಿನ ವೇಗವೂ

ಹಾನಗಲ್ಲ ತಾಲೂಕಿನ ಆಡೂರಿನಿಂದ ಒಬ್ಬನು ಹಾನಗಲ್ಲಿಗೆ ಹೊರಟಿರುವನೆಂದು ಭಾವಿಸೋಣ. ದಾರಿಯ ಸೇತುವೆಯೊಂದು ಮಳೆಗೆ ಕುಸಿದಿದ್ದರೆ ಅವನು ಬಳಸುದಾರಿ ಹಿಡಿಯುವನು. ಊರು ಸೇರುವುದು ನಿಶ್ಚಯ, ಆದರೆ ತಡವಾಗಿ. ಬಳಸುದಾರಿಗಳೂ ಒಂದೊಂದಾಗಿ ಕೆಟ್ಟರೆ ಪ್ರಯಾಣವೇ ನಿಲ್ಲುವುದು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ವ್ಯಾಧಿಯಲ್ಲಿ ಮಿದುಳಿಗೆ ಒದಗುವ ಅವಸ್ಥೆ ಬಹುಮಟ್ಟಿಗೆ ಇಂಥದೇ.

ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯುಂಟು. ಸಂದೇಶಗಳು ಶೀಘ್ರವಾಗಿ ಸಾಗುವುದು ಅದರ ದೆಸೆಯಿಂದ. ದೇಹದ ರಕ್ಷಣಾವ್ಯವಸ್ಥೆಯೇ ಈ ಹೊದಿಕೆಯ ಮೇಲೆ ಬಿದ್ದಾಗ ಅಲ್ಲಲ್ಲಿ ಗಾಯದ ಕಲೆಗಳು ಉಳಿಯುವುವು. ಕ್ರಮೇಣ ತಂತುಗಳೂ ನಶಿಸುವುವು. ಇದು ಶೀತದೇಶಗಳವರ ಬೇನೆಯೆಂಬ ಭಾವನೆ ಬಹುಕಾಲ ಇದ್ದಿತು. ಆದರೆ ನಮ್ಮ ಮಂಗಳೂರಿನಲ್ಲಿಯೇ ನಡೆದು 2014ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಲಕ್ಷಕ್ಕೆ ಸುಮಾರು 8 ಜನರಲ್ಲಿ ಇದು ಕಂಡುಬಂದಿತು.

1868ರಲ್ಲಿ ಈ ವ್ಯಾಧಿಯನ್ನು ವಿಶದವಾಗಿ ವರ್ಣಿಸಿದ ಫ್ರಾನ್ಸಿನ ವೈದ್ಯ ಷಾರ್ಕೊ, ರೋಗಿಗಳ ಜ್ಞಾಪಕಶಕ್ತಿ ಕುಗ್ಗುವುದನ್ನೂ ವಿಚಾರಗಳು ನಿಧಾನವಾಗಿ ಮೂಡುವುದನ್ನೂ ಗಮನಿಸಿದ್ದನು. ಆದರೂ ಮುಂದೆ ಬಹುಕಾಲ ವೈದ್ಯರ ಲಕ್ಷ್ಯವೆಲ್ಲ ಕಾಲಿನ ನಡಿಗೆ, ಕಣ್ಣಿನ ಮಂಜುಗಳ ಕಡೆಗೇ ಹರಿಯಿತು. ರೋಗಿಗಳಲ್ಲಿ ನೂರಕ್ಕೆ 40ರಿಂದ 65ರಷ್ಟು ಮಂದಿಯ ಬುದ್ಧಿವ್ಯಾಪಾರ ಒಂದಲ್ಲ ಒಂದು ಬಗೆಯಲ್ಲಿ ಕುಂದುವುದೆಂದು ಈಗ ತಿಳಿದಿದೆ. ಮನೆಯ ಲೆಕ್ಕವನ್ನು ಸರಿಯಾಗಿಯೇ ಮಾಡುವ ಗೃಹಿಣಿಯು, ಮೂವರು ಒಮ್ಮೆಲೇ ಮಾತನಾಡಿದರೆ ತಬ್ಬಿಬ್ಬಾಗುವಳು. ಮನೆಯವರು ಅದನ್ನು ಅಲಕ್ಷ್ಯವೆಂದೋ ಸೋಮಾರಿತನವೆಂದೋ ಎಣಿಸುವರು. ಇದಕ್ಕಿಂತ ಅನ್ಯಾಯದ ಮಾತು ಬೇರಿಲ್ಲ.

ಎಂ.ಆರ್.ಐ. ಯಂತ್ರವು ಪ್ರಬಲವಾದ ಅಯಸ್ಕಾಂತದೊಳಗೆ ದೇಹದ ನೀರಿನಲ್ಲಿರುವ ಹೈಡ್ರೊಜನ್ ಬೀಜಗಳು ರೇಡಿಯೋ ಅಲೆಗಳಿಗೆ ಓಗೊಡುವ ರೀತಿಯನ್ನು ಅಳೆದು ಚಿತ್ರ ರಚಿಸುತ್ತದೆ. 1981ರಲ್ಲಿ ಲಂಡನ್ನಿನ ಸಂಶೋಧಕರು, ಸಿ.ಟಿ. ಚಿತ್ರದಲ್ಲಿ ಕಾಣದಿದ್ದ ಅನೇಕ ಕಲೆಗಳನ್ನು ಈ ಯಂತ್ರ ತೋರಿಸುವುದೆಂದು ಪ್ರಕಟಿಸಿದರು. ಇನ್ನು ಬಿಳಿಯ ಮಚ್ಚೆಗಳನ್ನು ಎಣಿಸಿದರೆ ಬುದ್ಧಿಯ ಅಳತೆ ಸಿಕ್ಕಿತೆಂದೇ ಯಾರಾದರೂ ಭಾವಿಸಿಯಾರು.

ಹಾಗಾಗಲಿಲ್ಲ. ಮಚ್ಚೆ ತುಂಬಿದ ಮಿದುಳಿನವನು ಚುರುಕಾಗಿರಬಹುದು. ನಾಲ್ಕಾರು ಮಚ್ಚೆಯವನು ತೊಡರಬಹುದು. ನಕಾಶೆಯಲ್ಲಿ ಕುಸಿದ ಸೇತುವೆ ಕಂಡೀತು, ಆದರೆ ಪ್ರಯಾಣಿಕನು ಎಷ್ಟು ತಡವಾದನೆಂಬುದು ಕಾಣದಷ್ಟೆ. ವಿದ್ಯಾಭ್ಯಾಸ, ಓದು, ಕಸುಬುಗಳಿಂದ ಕೆಲವರ ಮಿದುಳಿನಲ್ಲಿ ಬಳಸುದಾರಿಗಳು ಹೇರಳವಾಗಿರುವಂತೆ ತೋರುತ್ತದೆ. ಇದಲ್ಲದೆ ಮಿದುಳಿನ ಬೂದುಭಾಗದ ಗಾಯಗಳು ಸಾಮಾನ್ಯ ಚಿತ್ರದಲ್ಲಿ ಬಹುಪಾಲು ಮರೆಯಾಗಿಯೇ ಉಳಿಯುವುವು. ಮಚ್ಚೆಗಳ ಎಣಿಕೆಗಿಂತ ಹೆಚ್ಚು ತಿಳಿಸುವುದು ಮಿದುಳಿನ ಸವೆತ, ಅದರಲ್ಲಿಯೂ ಸಂದೇಶಗಳ ಕೂಡುದಾರಿಯಾದ ಥಲಾಮಸಿನ ಸವೆತ. ಆರೋಗ್ಯವಂತರ ಮಿದುಳು ವರ್ಷಕ್ಕೆ ನೂರಕ್ಕೆ 0.1ರಿಂದ 0.3ರಷ್ಟು ಕುಗ್ಗಿದರೆ, ಚಿಕಿತ್ಸೆಯಿಲ್ಲದ ಈ ರೋಗಿಗಳಲ್ಲಿ ಅದು 0.5ರಿಂದ 1ಕ್ಕೂ ಮೀರಬಹುದು.

ಚಿತ್ರಕ್ಕಾಗಿ ಆಡೂರಿನವರು ದೊಡ್ಡ ಊರಿಗೆ ಹೋಗಬೇಕು. ಮನಸ್ಸಿನ ವೇಗವನ್ನು ಅಳೆಯಲು ಕಾಗದವೂ ಗಡಿಯಾರವೂ ಸಾಕು. ಒಂಬತ್ತು ಗುರುತುಗಳಿಗೆ ಒಂಬತ್ತು ಅಂಕಿಗಳು ಜೊತೆಯಾಗಿರುವ ಪಟ್ಟಿಯನ್ನು ನೋಡುತ್ತ, 90 ಸೆಕೆಂಡುಗಳಲ್ಲಿ ಎಷ್ಟು ಗುರುತುಗಳಿಗೆ ಸರಿಯಾದ ಅಂಕಿ ಹೇಳಬಲ್ಲನೆಂಬುದೇ ಪರೀಕ್ಷೆ. ಅಂಕಿ ಬಲ್ಲವನು ಕನ್ನಡದಲ್ಲಿಯೇ ಉತ್ತರಿಸಬಹುದು. ಬಳಲಿಕೆ, ಖಿನ್ನತೆಗಳೂ ಮನಸ್ಸನ್ನು ನಿಧಾನಗೊಳಿಸುವುದರಿಂದ ವೈದ್ಯರು ಅವನ್ನೂ ವಿಚಾರಿಸಬೇಕು, ಅವಕ್ಕೆ ಚಿಕಿತ್ಸೆಯುಂಟು. ರೋಗಿಯನ್ನು ವರ್ಷಕ್ಕೊಮ್ಮೆ ಅವನ ಹಿಂದಿನ ಅಂಕದೊಡನೆಯೇ ಹೋಲಿಸಿ ನೋಡುವುದು ರೂಢಿ. ಹೊಸ ಮಚ್ಚೆ ಒಂದೂ ಇಲ್ಲವೆಂದು ಚಿತ್ರ ಹೇಳಿದ ವರ್ಷದಲ್ಲಿಯೂ, ಅಂಕ ನಾಲ್ಕರಷ್ಟು ಇಳಿದಿದ್ದರೆ ತಜ್ಞರು ಅದನ್ನು ಲೆಕ್ಕಕ್ಕೆ ಹಿಡಿಯುವರು.