ಮಗಳನ್ನು ಬೆಂಗಳೂರಿನ ಪಿಜಿಯಲ್ಲಿ ಬಿಡಬಹುದೇ?

ನಿಮ್ಮ ಆತಂಕ ಸಹಜ. ಆದರೆ ಹದಿನೇಳರ ಮಗಳನ್ನು ಎರಡು ತಿಂಗಳ ಬೇಸಿಗೆ ಕೋರ್ಸಿಗೆ ದಾವಣಗೆರೆಯಿಂದ ಕಳಿಸಲು ವಯಸ್ಸೊಂದೇ ಅಳತೆಯಲ್ಲ. ಜ್ವರ ಬಂದರೆ ತಕ್ಷಣ ತಿಳಿಸುತ್ತಾಳೆಯೇ? ಕೊಟ್ಟ ದುಡ್ಡನ್ನು ತಿಂಗಳ ಕೊನೆವರೆಗೂ ತೂಗಿಸುತ್ತಾಳೆಯೇ? ತಪ್ಪಾದರೆ ಮುಚ್ಚಿಡದೆ ಹೇಳುತ್ತಾಳೆಯೇ? ಹೌದೆಂದಾದರೆ ಕಳಿಸಿ.

ಒಂಟಿ ರೂಮು ಬೇಡ, ವಾರ್ಡನ್ ಇರುವ ಮಹಿಳಾ ಪಿಜಿ ಇರಲಿ. 18 ತುಂಬದವರ ಕರಾರಿಗೆ ಕಾನೂನಿನ ಬಲವಿಲ್ಲ. ಸಹಿ ನೀವೇ ಹಾಕಿ, ಅಡ್ವಾನ್ಸ್ ವಾಪಸಾತಿಯ ಷರತ್ತನ್ನು ಬರೆಸಿಕೊಳ್ಳಿ. ತರಗತಿಯ ದಾರಿಯನ್ನು ಅವಳೊಂದಿಗೆ ಕತ್ತಲಾದ ಮೇಲೂ ಒಮ್ಮೆ ನಡೆದು ನೋಡಿ. ತುರ್ತು ಸಹಾಯದ 112, ಮಕ್ಕಳ ಸಹಾಯವಾಣಿ 1098 ಮತ್ತು ಹತ್ತಿರದ ನೆಂಟರ ನಂಬರ್ ಅವಳಿಗೆ ಬಾಯಿಪಾಠವಾಗಿರಲಿ.

ರಾತ್ರಿ ಒಂದು ಫೋನ್ ಸಾಕು. ಗಂಟೆಗೊಮ್ಮೆ ವಿಚಾರಿಸಿದರೆ ಸುಳ್ಳು ಹೇಳುವುದನ್ನು ಕಲಿಯುತ್ತಾಳೆ. ಏನೇ ಆದರೂ ಬೈಯದೆ ಬಂದು ಕರೆದೊಯ್ಯುತ್ತೇವೆಂದು ಹೊರಡುವ ಮುನ್ನವೇ ಹೇಳಿಬಿಡಿ.