ತೊಗರಿ ಚೀಲದ ಬೆನ್ನು ಹಿಡಿದು ಹೋಗಿ
ದಾಲ್ ಮಿಲ್‌ಗಳಲ್ಲಿ ಕಾರ್ಮಿಕರಿಗಿರುವ ರಾಸಾಯನಿಕ ಅಪಾಯ ಗುರುತಿಸುವುದು ಹೇಗೆ? ತಡೆಯುವುದು ಹೇಗೆ?

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ತೊಗರಿ ರಾಶಿ ಮುಗಿಯುತ್ತಿದ್ದಂತೆ ದಾಲ್ ಮಿಲ್‌ಗಳ ಹಂಗಾಮು ಶುರುವಾಗುತ್ತದೆ. ಲಾರಿಗಳು ಸಾಲುಗಟ್ಟುತ್ತವೆ, ಗೋದಾಮು ತುಂಬುತ್ತವೆ, ರಾತ್ರಿ ಪಾಳಿಯೂ ನಡೆಯುತ್ತದೆ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲಬುರಗಿ ತೊಗರಿ ಬೇಳೆಯ ರುಚಿಯ ಬಗ್ಗೆ ಬೇಕಾದಷ್ಟು ಮಾತಾಗಿದೆ. ಆ ತೊಗರಿಯನ್ನು ಹೊತ್ತು, ಹರವಿ, ಒಣಗಿಸಿ, ಚೀಲ ಕಟ್ಟುವವರ ಉಸಿರಿನ ಬಗ್ಗೆ ಮಾತು ಕಡಿಮೆ.

ಶಹಾಬಾದ, ವಾಡಿ ಭಾಗದಲ್ಲಿ ಧೂಳು ಎಂದರೆ ಕಲ್ಲಿನ ಗಣಿ, ಸಿಮೆಂಟ್ ಎಂದೇ ಜನರ ಲೆಕ್ಕ. ತಿನ್ನುವ ಪದಾರ್ಥದ ಕಾರ್ಖಾನೆಯಲ್ಲಿ ಎಂಥ ಅಪಾಯ ಎಂದು ಮಾಲೀಕರೂ ಕಾರ್ಮಿಕರೂ ನಿಶ್ಚಿಂತೆಯಿಂದ ಇರುತ್ತಾರೆ. ಆದರೆ ನುಸಿ ಕೊಲ್ಲುವ ಗುಳಿಗೆ, ಹೊಟ್ಟಿನ ಧೂಳು, ನೆಲ ತೊಳೆಯುವ ಆ್ಯಸಿಡ್, ಬ್ಲೀಚಿಂಗ್ ಪುಡಿ ಎಲ್ಲವೂ ಅದೇ ಗೋಡೆಗಳ ನಡುವೆ ಇವೆ. ಸಾಮಾನಿನ ಪಟ್ಟಿ ಹಿಡಿದು ಕಚೇರಿಯಲ್ಲಿ ಕೂತರೆ ಈ ಅಪಾಯ ಕಾಣುವುದಿಲ್ಲ. ಬೀಗ ಹಾಕಿದ ಕಪಾಟಿನಲ್ಲಿದ್ದಾಗ ಸುಮ್ಮನಿರುವ ಡಬ್ಬಿಯೇ ಹಮಾಲರು ಮಲಗುವ ಗೋದಾಮಿನಲ್ಲಿ ತೆರೆದುಕೊಂಡರೆ ಪ್ರಾಣ ತೆಗೆಯಬಲ್ಲದು. ಹಾಗಾಗಿ ತೊಗರಿ ಚೀಲ ಹೋಗುವ ದಾರಿಯಲ್ಲೇ ನೀವೂ ಹೋಗಿ. ಅಪಾಯ ಇರುವುದು ಕೆಲಸ ನಡೆಯುವ ಜಾಗದಲ್ಲಿ.

ಹಂತ 1: ಗೇಟಿನಿಂದ ಗೇಟಿಗೆ ಒಂದು ಸುತ್ತು

ಮಿಲ್ ನಡೆಯುತ್ತಿರುವಾಗಲೇ ಸುತ್ತು ಹಾಕಿ. ಮಾಲೀಕರು ಅಥವಾ ಮ್ಯಾನೇಜರ್, ಒಬ್ಬ ಮಿಸ್ತ್ರಿ, ಒಬ್ಬ ಹಿರಿಯ ಹಮಾಲ, ಕಾಳು ಆರಿಸುವ ಒಬ್ಬ ಮಹಿಳೆ ಜೊತೆಗಿರಲಿ. ರಾತ್ರಿ ಪಾಳಿಯಲ್ಲೂ ಒಮ್ಮೆ ಹೋಗಿ. ಪ್ರತಿ ಜಾಗದಲ್ಲಿ ಮೂರು ಪ್ರಶ್ನೆ ಕೇಳಿ: ಇಲ್ಲಿ ಮೈಗೆ, ಕಣ್ಣಿಗೆ, ಉಸಿರಿಗೆ ಏನು ತಾಗುತ್ತದೆ? ಯಾರಿಗೆ, ಎಷ್ಟು ಹೊತ್ತು? ಕೆಲಸ ಎಂದಿನಂತೆ ನಡೆಯದ ದಿನ, ಅಂದರೆ ರಿಪೇರಿ, ಸ್ವಚ್ಛತೆ, ಕರೆಂಟ್ ಹೋದಾಗ, ಏನಾಗುತ್ತದೆ?

• ಇಳಿಸುವ ಜಾಗ: ಮಣ್ಣು ಬೆರೆತ ಧೂಳು. ಬಿತ್ತನೆಗೆಂದು ಔಷಧ ಲೇಪಿಸಿದ ಬಣ್ಣದ ಬೀಜ ಚೀಲದಲ್ಲಿ ಸೇರಿದೆಯೇ ನೋಡಿ. ಅಂಥ ಬೀಜ ಸಿಕ್ಕರೆ ಬರಿಗೈಯಲ್ಲಿ ಆರಿಸಬಾರದು, ಆ ಚೀಲ ಮಿಲ್ಲಿಗೆ ಹೋಗಲೇಬಾರದು.
• ಜರಡಿ, ರೋಲರ್: ಹೊಟ್ಟಿನ ಸಣ್ಣ ಧೂಳು. ರೋಲರಿಗೆ ಹೊಸದಾಗಿ ಎಮರಿ ಕಟ್ಟಿ ಉಜ್ಜುವ ದಿನ ಇನ್ನೂ ಗಡಸು ಧೂಳು ಏಳುತ್ತದೆ.
• ಎಣ್ಣೆ ಸವರುವುದು, ಒಣಗಿಸುವುದು: ಜಾರುವ ನೆಲ. ಹೊಟ್ಟು ಉರಿಸುವ ಒಲೆಯಿದ್ದರೆ ಕಾರ್ಬನ್ ಮಾನಾಕ್ಸೈಡ್.
• ಪಾಲಿಶ್: ಹೊಳಪಿಗೆಂದು ಸೋಪ್‌ಸ್ಟೋನ್‌ನಂಥ ಪುಡಿ ಬಳಸುತ್ತಿದ್ದರೆ ಅದು ಪುಪ್ಪುಸಕ್ಕೆ ನೇರ ಹೊರೆ.
• ಗೋದಾಮು: ನುಸಿ ಗುಳಿಗೆಯ ಅನಿಲ.
• ಹಿತ್ತಲು: ಜನರೇಟರ್ ಹೊಗೆ, ವೆಲ್ಡಿಂಗ್, ತೊಳೆಯುವ ರಾಸಾಯನಿಕ, ಕೊಳಚೆ ಗುಂಡಿ.

ಕಾರ್ಮಿಕರು ಎಲ್ಲಿ ಊಟ ಮಾಡುತ್ತಾರೆ, ಎಲ್ಲಿ ಮಲಗುತ್ತಾರೆ ಎಂಬುದನ್ನೂ ಬರೆದುಕೊಳ್ಳಿ. ಬೇರೆ ರಾಜ್ಯದಿಂದ ಬಂದವರು ಹಂಗಾಮಿನಲ್ಲಿ ಮಿಲ್ ಆವರಣದಲ್ಲೇ ಉಳಿಯುವುದುಂಟು. ಪಟ್ಟಿಯಲ್ಲಿ ಮೊದಲು ಬಿಟ್ಟುಹೋಗುವುದು ಅವರೇ.

ಹಂತ 2: ಡಬ್ಬಿಯ ಮೇಲಿನ ಗುರುತು ಓದಿ

ಸಿಕ್ಕ ಪ್ರತಿ ರಾಸಾಯನಿಕಕ್ಕೂ ಪೂರೈಕೆದಾರರಿಂದ ಸುರಕ್ಷತಾ ಮಾಹಿತಿ ಪತ್ರ ಕೇಳಿ ಪಡೆಯಿರಿ. ಅದರಲ್ಲಿ 16 ಭಾಗಗಳಿರುತ್ತವೆ. ಮಿಲ್ಲಿನವರಿಗೆ ತುರ್ತಾಗಿ ಬೇಕಾದದ್ದು ಅಪಾಯ, ಪ್ರಥಮ ಚಿಕಿತ್ಸೆ, ಬೆಂಕಿ ನಂದಿಸುವ ಬಗೆ, ಕೂಡಿಡುವ ರೀತಿ. ಕೀಟನಾಶಕದ ಡಬ್ಬಿಯ ಮೇಲಿನ ತ್ರಿಕೋನ ಕೆಂಪಾಗಿದ್ದರೆ ಅತಿ ವಿಷಕಾರಿ ಎಂದರ್ಥ. ಹಳದಿ, ನೀಲಿ, ಹಸಿರು ಆನಂತರದವು. ನುಸಿ ಗುಳಿಗೆ ಕೆಂಪು ತ್ರಿಕೋನದ್ದು. ಹೆಸರಿಲ್ಲದ ಬಾಟಲಿ, ಕುಡಿಯುವ ನೀರಿನ ಬಾಟಲಿಗೆ ಸುರಿದಿಟ್ಟ ಆ್ಯಸಿಡ್ ಕಂಡರೆ ಅಂದೇ ಹೊರಹಾಕಿ.

ಹಂತ 3: ಯಾವುದು ಮೊದಲು? ಅಂಕ ಹಾಕಿ

ಹಾನಿಗೆ 1ರಿಂದ 3, ತಾಗುವ ಸಂಭವಕ್ಕೆ 1ರಿಂದ 3 ಅಂಕ ಕೊಟ್ಟು ಗುಣಿಸಿ. ತುರಿಕೆ, ಸೀನು 1. ಆಸ್ಪತ್ರೆಗೆ ಹೋಗಬೇಕಾದದ್ದು 2. ಪ್ರಾಣಾಪಾಯ, ಶಾಶ್ವತ ರೋಗ 3. ಅಪರೂಪಕ್ಕೆ ತಾಗಿದರೆ 1, ವಾರಕ್ಕೊಮ್ಮೆ 2, ದಿನವೂ ಆದರೆ 3.

ಉದಾಹರಣೆಗೆ, ರೋಲರ್ ಬಳಿ ದಿನವಿಡೀ ಧೂಳಿನಲ್ಲಿ ನಿಲ್ಲುವವರಿಗೆ ಹಾನಿ 2, ಸಂಭವ 3, ಒಟ್ಟು 6. ಗುಳಿಗೆ ಇಟ್ಟ ಗೋದಾಮಿನ ಪಕ್ಕದ ಕೋಣೆಯಲ್ಲಿ ಮಲಗುವವರಿಗೆ 3 ಮತ್ತು 3, ಒಟ್ಟು 9. ಒಂಬತ್ತು ಬಂದರೆ ಕೆಲಸ ನಿಲ್ಲಿಸಿ, ಸರಿಪಡಿಸಿದ ಮೇಲೆಯೇ ಮುಂದುವರಿಸಿ. ಆರು ಬಂದರೆ ಅದೇ ವಾರ ಕ್ರಮ ಕೈಗೊಳ್ಳಿ. ಹಾನಿ 3 ಇರುವ ಯಾವುದನ್ನೂ ಒಟ್ಟು ಅಂಕ ಕಡಿಮೆ ಬಂತೆಂದು ಬದಿಗೆ ಸರಿಸಬೇಡಿ. ಜಾಗ, ವಸ್ತು, ಯಾರು, ಅಂಕ, ಕ್ರಮ, ಹೊಣೆ ಯಾರದು, ಯಾವ ತಾರೀಖಿನೊಳಗೆ ಎಂಬ ಏಳು ಕಲಮುಗಳ ಒಂದು ಹಾಳೆ ಇದಕ್ಕೆ ಸಾಕು.

ಹಂತ 4: ಮಾಸ್ಕ್ ಕೊನೆಯ ಉಪಾಯ

ಅಪಾಯ ಕಂಡ ಕೂಡಲೇ ಮಾಸ್ಕ್ ಹಂಚಿ ಕೈತೊಳೆದುಕೊಳ್ಳುವುದು ಎಲ್ಲೆಡೆಯ ರೂಢಿ. ಕ್ರಮ ಇದಕ್ಕೆ ತಿರುವುಮುರುವು ಇರಬೇಕು.

ಮೊದಲು, ಆ ವಸ್ತು ಬೇಕೇ ಎಂದು ಕೇಳಿ. ಪಾಲಿಶ್ ಪುಡಿ ಬಿಟ್ಟರೆ ಆ ಧೂಳೇ ಇಲ್ಲ. ತೊಗರಿ ಚೆನ್ನಾಗಿ ಒಣಗಿದ್ದರೆ, ಹಳೆ ದಾಸ್ತಾನು ಮೊದಲು ಹೋದರೆ, ಮೂಲೆಯಲ್ಲಿ ಉದುರಿದ ಕಾಳು ಗುಡಿಸಿದ್ದರೆ, ಗಾಳಿಯಾಡದ ಚೀಲ ಬಳಸಿದರೆ ಗುಳಿಗೆಯ ಅಗತ್ಯವೇ ಇಳಿಯುತ್ತದೆ. ಎರಡನೆಯದು, ಧೂಳು ಏಳುವ ಕಡೆಯೇ ಅದನ್ನು ಹಿಡಿಯಿರಿ. ಜರಡಿ ಮತ್ತು ರೋಲರಿಗೆ ಮುಚ್ಚಳ, ಅಲ್ಲಿಂದ ಗಾಳಿ ಎಳೆಯುವ ಕೊಳವೆ, ಕೊನೆಗೆ ಸೈಕ್ಲೋನ್ ಮತ್ತು ಬಟ್ಟೆ ಫಿಲ್ಟರ್ ಇರಲಿ. ಕಂಪ್ರೆಸರ್ ಗಾಳಿ ಊದಿ ಯಂತ್ರ ಒರೆಸುವುದನ್ನು ನಿಲ್ಲಿಸಿ. ಅದು ಧೂಳನ್ನು ನೆಲದಿಂದ ಎಬ್ಬಿಸಿ ಮೂಗಿಗೆ ಸಾಗಿಸುತ್ತದೆ. ಗಾಳಿಯಲ್ಲಿ ದಟ್ಟವಾಗಿ ತೇಲುವ ಹೊಟ್ಟಿನ ಧೂಳಿಗೆ ಒಂದು ಕಿಡಿ ತಾಗಿದರೆ ಸ್ಫೋಟವೂ ಆಗಬಹುದು. ಮೂರನೆಯದು, ಪಾಳಿ ಬದಲಿಸಿ ಒಬ್ಬರೇ ದಿನವಿಡೀ ಧೂಳಿನಲ್ಲಿ ನಿಲ್ಲದಂತೆ ನೋಡಿ.

ಇಷ್ಟಾದ ಮೇಲೆ ಮಾಸ್ಕ್. ಧೂಳಿಗೆ ಎನ್95 ಸರಿ. ಅನಿಲವನ್ನು ಅದು ತಡೆಯುವುದಿಲ್ಲ, ಮುಖಕ್ಕೆ ಸುತ್ತಿದ ಟವೆಲ್ಲಂತೂ ಯಾವುದನ್ನೂ ತಡೆಯುವುದಿಲ್ಲ.

ಹಂತ 5: ಗುಳಿಗೆ ಇಡುವ ದಿನ

ಗೋದಾಮಿನ ಬಾಯಲ್ಲಿ ‘ಗುಳಿಗಿ’ ಎಂದೇ ಹೆಸರಾದದ್ದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದೊಡನೆ ಅದು ಫಾಸ್ಫೀನ್ ಅನಿಲ ಬಿಡುತ್ತದೆ. 3 ಗ್ರಾಂ ತೂಕದ ಒಂದು ಗುಳಿಗೆಯಿಂದ ಬರುವುದು ಸುಮಾರು 1 ಗ್ರಾಂ ಫಾಸ್ಫೀನ್.

ಒಂದು ಗ್ರಾಂ ಎಂದರೆ ಎಷ್ಟು? 4 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಮುಚ್ಚಿದ ಕೋಣೆಯಲ್ಲಿ ಒಂದೇ ಗುಳಿಗೆ ಪೂರ್ತಿ ಕರಗಿದರೆ ಗಾಳಿಯ ದಶಲಕ್ಷ ಭಾಗದಲ್ಲಿ ಸುಮಾರು 15 ಭಾಗ ಫಾಸ್ಫೀನ್ ತುಂಬುತ್ತದೆ. ದಿನಕ್ಕೆ 8 ಗಂಟೆ ಕೆಲಸ ಮಾಡುವವರಿಗೆ ನಮ್ಮ ಕಾರ್ಖಾನೆ ಕಾನೂನು ಇಟ್ಟ ಮಿತಿ 0.3 ಭಾಗ. ಅಂದರೆ ಒಂದೇ ಗುಳಿಗೆಗೆ ಮಿತಿಯ 50 ಪಟ್ಟು. 50 ಭಾಗ ತಲುಪಿದರೆ ಆ ಜಾಗ ತಕ್ಷಣ ಪ್ರಾಣಾಪಾಯದ್ದು.

ಬೆಳ್ಳುಳ್ಳಿ ಅಥವಾ ಕಾರ್ಬೈಡಿನಂಥ ವಾಸನೆ ಬಂದರೆ ಮಾತ್ರ ಅಪಾಯ ಎಂದು ಹಲವರು ತಿಳಿದಿದ್ದಾರೆ. ಶುದ್ಧ ಫಾಸ್ಫೀನಿಗೆ ವಾಸನೆಯಿಲ್ಲ. ವಾಸನೆ ಬರುವುದು ಬೆರೆತಿರುವ ಕಲ್ಮಶಗಳಿಂದ, ಅದೂ ಕೆಲವೊಮ್ಮೆ ಕಾಳಿಗೆ ಹೀರಿಕೊಂಡು ಮಾಯವಾಗುತ್ತದೆ. ಮೂಗಿನಿಂದ ಪರೀಕ್ಷಿಸಬೇಡಿ, ಮೀಟರಿನಿಂದ ಅಳೆಯಿರಿ. ಬಣ್ಣ ಬದಲಿಸುವ ಗಾಜಿನ ಕೊಳವೆ ಅಥವಾ ಫಾಸ್ಫೀನ್ ಮೀಟರ್ ಬಾಡಿಗೆಗಾದರೂ ತರಿಸಿ.

ಕಾನೂನು ಏನು ಹೇಳುತ್ತದೆ? ಈ ಗುಳಿಗೆಯನ್ನು ಯಾರು ಬೇಕಾದರೂ ತಂದು ಇಡುವಂತಿಲ್ಲ. ಸರಕಾರಿ ಸಂಸ್ಥೆಗಳು ಅಥವಾ ಪರವಾನಗಿ ಪಡೆದ ಕೀಟ ನಿಯಂತ್ರಣದವರು, ಪರಿಣತರ ಮೇಲ್ವಿಚಾರಣೆಯಲ್ಲಿ ಮಾತ್ರ ಬಳಸಬೇಕು. 3 ಗ್ರಾಂನ 10 ಮತ್ತು 20 ಗುಳಿಗೆಗಳ ಸಣ್ಣ ಟ್ಯೂಬ್‌ಗಳ ತಯಾರಿಕೆ, ಮಾರಾಟ 2001ರಲ್ಲೇ ನಿಷೇಧವಾಗಿದೆ. ಹೊರಗಿನವರಿಗೆ ಗುತ್ತಿಗೆ ಕೊಟ್ಟರೆ ಪರವಾನಗಿ ಪ್ರತಿ ಕೇಳಿ ಪಡೆದು ಫೈಲಿನಲ್ಲಿಡಿ. ಕೆಲಸ ಅವರದಾದರೂ ನಿಮ್ಮ ಆಳುಗಳ ಸುರಕ್ಷತೆ ನಿಮ್ಮದೇ ಹೊಣೆ. ಆ ದಿನ ನೀವು ನೋಡಬೇಕಾದದ್ದು ಇಷ್ಟು:

1. ನೆಲ: ನಮ್ಮ ಗೋದಾಮುಗಳಲ್ಲಿ ಹಾಸಿರುವುದು ಬಹುಪಾಲು ಶಹಾಬಾದ ಕಲ್ಲು. ಕಲ್ಲಿನ ಸಂದು ಬಿಟ್ಟುಕೊಂಡಿದ್ದರೆ ಹೊದಿಕೆಯ ಅಡಿಯಿಂದ ಅನಿಲ ಸೋರುತ್ತದೆ. ಮೊದಲೇ ಸಿಮೆಂಟಿನಿಂದ ತುಂಬಿಸಿ.
2. ಹೊದಿಕೆ: ಚೀಲಗಳ ಥಪ್ಪಿಗೆ ತೂತುಬಿದ್ದ ತಾಡಪತ್ರಿ ಸಲ್ಲದು, ಅನಿಲ ಹಾಯದ ಹೊದಿಕೆಯೇ ಬೇಕು. ಅಂಚಿಗೆ ಮರಳು ತುಂಬಿದ ಉದ್ದನೆಯ ಬಟ್ಟೆ ಚೀಲಗಳನ್ನು ಒಂದರ ಮೇಲೊಂದು ಚೂರು ಹಾಯುವಂತೆ ಇಡಿ.
3. ಜನ: ಗೋದಾಮಿಗೆ ಅಂಟಿದ ಕೋಣೆಗಳನ್ನೂ ಖಾಲಿ ಮಾಡಿಸಿ. ಅನಿಲ ತೆಗೆದು ಅಳೆಯುವವರೆಗೆ ಅಲ್ಲಿ ಯಾರೂ ಮಲಗಬಾರದು.
4. ಕೈ: ಡಬ್ಬಿಯನ್ನು ಬಯಲಿನಲ್ಲಿ, ಮುಖ ಆಚೆ ತಿರುಗಿಸಿ ತೆರೆಯಬೇಕು. ತೆರೆದೊಡನೆ ಕೆಲವೊಮ್ಮೆ ಬೆಂಕಿ ಮಿಂಚುವುದುಂಟು. ಒಣ ಹತ್ತಿಯ ಕೈಗವಸು ಬೇಕು, ಒದ್ದೆ ಕೈ ಸಲ್ಲದು. ಬೀಡಿ, ಊಟ, ತಂಬಾಕು ಯಾವುದೂ ಬೇಡ. ಒಬ್ಬರೇ ಇರಬಾರದು.
5. ಬೋರ್ಡು: ‘ಗುಳಿಗಿ ಹಾಕೀವಿ, ಒಳಗ ಬರಬ್ಯಾಡ್ರಿ’ ಎಂದು ಜನರ ಮಾತಿನಲ್ಲೇ ಬರೆಸಿ. ಹಿಂದಿ, ತೆಲುಗಿನಲ್ಲೂ ಇರಲಿ. ಓದು ಬಾರದವರಿಗೆ ತಲೆಬುರುಡೆಯ ಚಿತ್ರ ಹಾಕಿಸಿ. ಇಟ್ಟ ತಾರೀಖು, ತೆಗೆಯುವ ತಾರೀಖು ಬರೆದಿರಲಿ.
6. ತೆಗೆಯುವಾಗ: ಲೇಬಲ್ಲಿನಲ್ಲಿ ಹೇಳಿದಷ್ಟು ದಿನ ಮುಗಿದ ಮೇಲೆ ಬಾಗಿಲು, ಕಿಟಕಿ ಹೊರಗಿನಿಂದ ತೆರೆದು ಗಾಳಿಯಾಡಿಸಿ. ಮೀಟರ್ 0.3ಕ್ಕಿಂತ ಕೆಳಗೆ ತೋರಿಸಿದ ಮೇಲೆಯೇ ಹಮಾಲರನ್ನು ಕಳಿಸಿ.
7. ಉಳಿದ ಬೂದಿ: ಬೂದು ಬಣ್ಣದ ಪುಡಿಯಲ್ಲಿ ಇನ್ನೂ ಸ್ವಲ್ಪ ಅನಿಲ ಉಳಿದಿರುತ್ತದೆ. ಅದನ್ನು ಡಬ್ಬಿಯಲ್ಲಾಗಲೀ ಪ್ಲಾಸ್ಟಿಕ್ ಚೀಲದಲ್ಲಾಗಲೀ ಮುಚ್ಚಿಡಬಾರದು, ಕಸದ ಬುಟ್ಟಿಗೂ ಹಾಕಬಾರದು. ವಿಲೇವಾರಿ ಗುತ್ತಿಗೆದಾರರದೇ ಕೆಲಸ ಎಂದು ಕರಾರಿನಲ್ಲಿ ಬರೆಸಿ.

ಹಂತ 6: ತೊಳೆಯುವ ದಿನದ ಎಚ್ಚರ

ಶಹಾಬಾದ ಕಲ್ಲು ಸುಣ್ಣದ ಕಲ್ಲು. ಕಲೆ ಹೋಗಲೆಂದು ಅದರ ಮೇಲೆ ಆ್ಯಸಿಡ್ ಸುರಿದರೆ ನೊರೆಯೆದ್ದು ಕಲ್ಲು ತಿಂದುಹೋಗುತ್ತದೆ, ಹೊಗೆ ಬಾಗಿ ಉಜ್ಜುವವರ ಮುಖಕ್ಕೇ ಬಡಿಯುತ್ತದೆ. ಅದೇ ನೆಲಕ್ಕೆ ಬ್ಲೀಚಿಂಗ್ ಪುಡಿಯೂ ಬಿದ್ದರೆ ಎರಡೂ ಸೇರಿ ಕ್ಲೋರಿನ್ ಅನಿಲ ಏಳುತ್ತದೆ. ಇವೆರಡನ್ನೂ ಒಂದೇ ಕಪಾಟಿನಲ್ಲಿ ಇಡಬೇಡಿ, ಒಂದೇ ದಿನ ಬಳಸಬೇಡಿ. ಈ ನೆಲಕ್ಕೆ ಸೋಪು ನೀರು, ಗಡಸು ಬ್ರಷ್ ಸಾಕು. ಕಾಸ್ಟಿಕ್ ಅಥವಾ ಆ್ಯಸಿಡ್ ಬಳಸಲೇಬೇಕಾದ ಕಡೆ ಕನ್ನಡಕ, ರಬ್ಬರ್ ಕೈಗವಸು ಮತ್ತು ಹತ್ತಿರದಲ್ಲೇ ಧಾರಾಳ ನೀರಿನ ನಲ್ಲಿ ಇರಲಿ. ಬೆರೆಸುವಾಗ ನೀರಿಗೆ ಆ್ಯಸಿಡ್ ಹಾಕಿ, ಆ್ಯಸಿಡ್‌ಗೆ ನೀರು ಹಾಕಬೇಡಿ.

ಹಂತ 7: ಗುಂಡಿ, ತೊಟ್ಟಿಗೆ ಇಳಿಯುವ ಮುನ್ನ

2022ರ ಏಪ್ರಿಲ್‌ನಲ್ಲಿ ಮಂಗಳೂರು ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ತ್ಯಾಜ್ಯದ ತೊಟ್ಟಿಯ ವಿಷಾನಿಲಕ್ಕೆ ಪಶ್ಚಿಮ ಬಂಗಾಳದ ಐವರು ಕಾರ್ಮಿಕರು ಬಲಿಯಾದರು. ಒಬ್ಬ ತೊಟ್ಟಿಯಲ್ಲಿ ಬಿದ್ದ, ಅವನನ್ನು ಎತ್ತಲು ಹೋದವರೂ ಬಿದ್ದರು. ಕಾಳು ತುಂಬುವ ಸೈಲೊ, ಕೊಳಚೆ ಗುಂಡಿ, ಮೊಲ್ಯಾಸಿಸ್ ತೊಟ್ಟಿ ಯಾವುದೇ ಇರಲಿ, ಒಳಗಿನ ಗಾಳಿ ಅಳೆಯದೆ ಯಾರೂ ಇಳಿಯಬಾರದು. ಇಳಿಯುವವರಿಗೆ ಇಡೀ ಮೈಗೆ ಕಟ್ಟುವ ಬೆಲ್ಟು, ಹಗ್ಗ, ಮೇಲೆ ಕದಲದೆ ಕಾಯುವ ಒಬ್ಬರು ಬೇಕು. ಒಳಗಿದ್ದವರು ಬಿದ್ದರೆ ಮೇಲಿನವರು ಹಗ್ಗ ಎಳೆಯಬೇಕು, ಇಳಿಯಬಾರದು. ಸುತ್ತಮುತ್ತಲಿನವರಿಗೂ ಈ ಒಂದು ಮಾತನ್ನು ಮತ್ತೆ ಮತ್ತೆ ಹೇಳಿ.

ಹಂತ 8: ಅವಘಡವಾದರೆ

• ತಲೆನೋವು, ತಲೆಸುತ್ತು, ಎದೆ ಬಿಗಿತ, ವಾಂತಿ, ಕೆಮ್ಮು ಫಾಸ್ಫೀನಿನ ಲಕ್ಷಣ. ಪಿತ್ತ, ಬಿಸಿಲು ಎಂದು ಕಡೆಗಣಿಸಬೇಡಿ. ಹೊರಗಿನ ಗಾಳಿಗೆ ಕರೆತಂದು 108ಕ್ಕೆ ಕರೆ ಮಾಡಿ. ಇದಕ್ಕೆ ಪ್ರತಿವಿಷವಿಲ್ಲ. ಮೊದಲು ಆರಾಮ ಎನಿಸಿದರೂ ಪುಪ್ಪುಸದಲ್ಲಿ ನೀರು ತುಂಬುವುದು ತಡವಾಗಿ ಆಗಬಹುದು. ಹಾಗಾಗಿ ಮನೆಗೆ ಕಳಿಸಬೇಡಿ, ಆಸ್ಪತ್ರೆಯಲ್ಲಿ ನಿಗಾದಲ್ಲಿರಲಿ.
• ಡಬ್ಬಿಯ ಲೇಬಲ್ ಅಥವಾ ಅದರ ಫೋಟೊ ಡಾಕ್ಟರಿಗೆ ತೋರಿಸಿ.
• ಕಣ್ಣಿಗೆ ಆ್ಯಸಿಡ್, ಕಾಸ್ಟಿಕ್ ಸಿಡಿದರೆ ಕನಿಷ್ಠ 15 ನಿಮಿಷ ನೀರು ಬಿಡಿ, ಆಮೇಲೆ ಆಸ್ಪತ್ರೆ.
• ಗುಳಿಗೆ ಇರುವಲ್ಲಿ ಬೆಂಕಿ ಹೊತ್ತಿದರೆ ನೀರು ಹಾಕಬೇಡಿ. ಒಣ ಮರಳು, ಒಣ ಪುಡಿಯ ನಂದಕ ಬಳಸಿ. ಅಗ್ನಿಶಾಮಕದವರಿಗೂ ಒಳಗೆ ಗುಳಿಗೆ ಇದೆ ಎಂದು ಮೊದಲೇ ಹೇಳಿ.

ಚಿಂಚೋಳಿ, ಸೇಡಂನಿಂದ ಕಲಬುರಗಿಯ ದೊಡ್ಡ ಆಸ್ಪತ್ರೆಗೆ ದಾರಿ ದೂರ. ಹಂಗಾಮಿಗೆ ಮುಂಚೆಯೇ ಹತ್ತಿರದ ಆಸ್ಪತ್ರೆಗೆ ಹೋಗಿ ನಿಮ್ಮ ಮಿಲ್ಲಿನಲ್ಲಿ ಯಾವ ರಾಸಾಯನಿಕ ಇದೆ ಎಂದು ತಿಳಿಸಿಟ್ಟಿರಿ.

ಹಂತ 9: ದಾಖಲೆ, ತಪಾಸಣೆ, ಹಕ್ಕು

10 ಅಥವಾ ಹೆಚ್ಚು ನೌಕರರಿರುವ ಕಾರ್ಖಾನೆ ನೌಕರರ ರಾಜ್ಯ ವಿಮೆ (ಇಎಸ್‌ಐ) ವ್ಯಾಪ್ತಿಗೆ ಬರುತ್ತದೆ, ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವವರು ಅರ್ಹರು. ಕಲಬುರಗಿಯಲ್ಲೇ ಇಎಸ್‌ಐ ಆಸ್ಪತ್ರೆ ಇದೆ. ಹಮಾಲರ, ಗುತ್ತಿಗೆ ಆಳುಗಳ ಹೆಸರು ಪುಸ್ತಕದಲ್ಲಿ ಇಲ್ಲದಿದ್ದರೆ ಅವಘಡದ ದಿನ ಈ ಸೌಲಭ್ಯ ಅವರ ಕೈಗೆ ಸಿಗದು. ಧೂಳಿನಲ್ಲಿ ದುಡಿಯುವವರಿಗೆ ಕೆಲಸಕ್ಕೆ ಸೇರುವಾಗ ಮತ್ತು ವರ್ಷಕ್ಕೊಮ್ಮೆ ಉಸಿರಾಟದ ಪರೀಕ್ಷೆ ಮಾಡಿಸಿ. ರಜೆಯ ದಿನ ಕೆಮ್ಮು ಇಳಿದು ಕೆಲಸಕ್ಕೆ ಬಂದಾಗ ಏರಿದರೆ ಅದು ಮಿಲ್ಲಿನ ಧೂಳಿನದೇ ಸೂಚನೆ. ಸಲಹೆಗೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯನ್ನು ಕೇಳಬಹುದು.

ಬೇರೆ ಘಟಕಗಳವರಿಗೆ ಎರಡು ಮಾತು

ಐಸ್ ಫ್ಯಾಕ್ಟರಿ, ಶೀತಲ ಗೃಹ, ಹಾಲಿನ ಡೇರಿಗಳಲ್ಲಿ ಮುಖ್ಯ ಅಪಾಯ ತಂಪುಗೊಳಿಸುವ ಅಮೋನಿಯಾ. ಸೋರಿಕೆ ಗುರುತಿಸುವ ಅಲಾರಂ, ಗಾಳಿ ಬೀಸುವ ದಿಕ್ಕು ತೋರಿಸುವ ಬಾವುಟ, ಗಾಳಿಗೆ ಅಡ್ಡವಾಗಿ ಓಡುವ ದಾರಿ ಗೊತ್ತಿರಲಿ. ಸಕ್ಕರೆ ಕಾರ್ಖಾನೆಯಲ್ಲಿ ಗಂಧಕ ಸುಡುವ ಹೊಗೆ, ಸುಟ್ಟ ಸುಣ್ಣ, ಕಾಸ್ಟಿಕ್ ಮತ್ತು ಮೊಲ್ಯಾಸಿಸ್ ತೊಟ್ಟಿಗಳು ಪಟ್ಟಿಯ ಮೇಲ್ಭಾಗದಲ್ಲಿರಬೇಕು. ಅಂಕ ಹಾಕುವ ವಿಧಾನ ಅದೇ, ನಿಲ್ಲುವ ಜಾಗ ಬೇರೆ.

ಮೊದಲ ವಾರ ಇಷ್ಟಾದರೂ ಆಗಲಿ

ಎಲ್ಲವನ್ನೂ ಒಂದೇ ಸಲ ಮಾಡಲಾಗದಿದ್ದರೆ ಮೂರರಿಂದ ಶುರುಮಾಡಿ. ಗೋದಾಮಿಗೆ ಅಂಟಿ ಮಲಗುವವರಿಗೆ ಬೇರೆ ಜಾಗ ಕೊಡಿ. ಆ್ಯಸಿಡ್ ಮತ್ತು ಬ್ಲೀಚಿಂಗ್ ಪುಡಿಯ ಕಪಾಟು ಬೇರೆ ಮಾಡಿ. ಗುಳಿಗೆ ಇಡುವವರ ಪರವಾನಗಿ ಕೇಳಿ. ಇವು ಮೂರಕ್ಕೂ ಖರ್ಚು ಹೆಚ್ಚಿಲ್ಲ. ಹೊಸ ಯಂತ್ರ ಬಂದಾಗ, ಹೊಸ ರಾಸಾಯನಿಕ ಬಂದಾಗ, ಯಾರಿಗಾದರೂ ತೊಂದರೆಯಾದಾಗ ಆ ಏಳು ಕಲಮುಗಳ ಹಾಳೆ ಹಿಡಿದು ಮತ್ತೆ ಗೇಟಿಗೆ ಹೋಗಿ ನಿಲ್ಲಿ. ಏನೂ ಬದಲಾಗದಿದ್ದರೂ ಪ್ರತಿ ಹಂಗಾಮಿನ ಮೊದಲ ಲಾರಿ ಬರುವ ಮುನ್ನ ಒಂದು ಸುತ್ತು ಇರಲೇಬೇಕು.