ಅರ್ಧ ಗ್ರಾಮಿನ ತಕರಾರು

‘ಡೂಪ್ಲಿಕೇಟ್ ಮಾಲು ಕಳಿಸೀರಿ. ರೂಪಾಯಿ ನಾಣ್ಯ 11.66 ಗ್ರಾಂ ಇರಬೇಕು. ಇದು 11.04 ತೂಗುತ್ತದೆ. ದುಡ್ಡು ವಾಪಸ್ ಮಾಡಿ.’

2017ರ ದೀಪಾವಳಿ ಕಳೆದು ವಾರವಾಗಿತ್ತು. ಆನ್‌ಲೈನ್ ಹರಾಜಿನಲ್ಲಿ 950 ರೂಪಾಯಿಗೆ ಹೋದ ಒಂದು ಬೆಳ್ಳಿ ನಾಣ್ಯದ ಬಗ್ಗೆ ಈ ಸಂದೇಶ ಬಂತು. ಹಿಂದಿಯಲ್ಲಿತ್ತು, ನಾನು ಕನ್ನಡಕ್ಕೆ ಇಳಿಸಿದ್ದೇನೆ. ಜೊತೆಗೆ ತಕ್ಕಡಿಯ ಫೋಟೊ. ಓದಿದ ಕೂಡಲೇ ಕಿವಿ ಬಿಸಿಯಾಯಿತು. ಅದು ನಮ್ಮಜ್ಜಿಯ ಟ್ರಂಕಿನ ನಾಣ್ಯ. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ನಮ್ಮೂರು ಸಾಸ್ತೂರಿನ ಕಲ್ಲುಮಣ್ಣಿನ ಗೋಡೆಗಳೆಲ್ಲ ಮಲಗಿದಾಗ ಆ ಟ್ರಂಕೂ ಅಡಿಯಲ್ಲಿತ್ತು. ನಾಲ್ಕನೇ ದಿನ ಅಪ್ಪ ಅದನ್ನು ಎಳೆದು ತೆಗೆದಾಗ ಮುಚ್ಚಳ ಒಳಕ್ಕೆ ಬಾಗಿತ್ತು. ಒಳಗೆ ಒಂದು ಇಳಕಲ್ ಸೀರೆ, ಅದರ ಗಂಟಿನಲ್ಲಿ 23 ರೂಪಾಯಿ. ಅಂಥದ್ದಕ್ಕೆ ‘ಡೂಪ್ಲಿಕೇಟ್’ ಅಂದರೆ?

ಉದ್ದ ಉತ್ತರ ಬರೆದೆ. ಅಜ್ಜಿ, ಭೂಕಂಪ, ಟ್ರಂಕು ಎಲ್ಲ ಹಾಕಿದೆ. ಪುಣ್ಯಕ್ಕೆ ಆ ಹೊತ್ತಿಗೆ ನೆಟ್‌ವರ್ಕ್ ಹೋಯಿತು, ಸಂದೇಶ ಹೋಗಲಿಲ್ಲ. ಊಟ ಮಾಡಿ ಬಂದು ಮತ್ತೆ ಓದಿದೆ. ಅದರಲ್ಲಿ ನನ್ನ ಮಾನದ ಮಾತು ಮಾತ್ರ ಇತ್ತು, ನಾಣ್ಯದ ಮಾತು ಒಂದೂ ಇರಲಿಲ್ಲ. ಅಳಿಸಿಬಿಟ್ಟೆ.

ಕೊಂಡವನ ತಪ್ಪು ಎಲ್ಲಿದೆ ಎಂದು ನಮ್ಮ ಸೀಮೆಯ ಹಳೆಯ ತಲೆ ಯಾವುದಾದರೂ ಒಂದೇ ನೋಟದಲ್ಲಿ ಹೇಳುತ್ತಿತ್ತು. ಇಂಗ್ಲಿಷರ ರೂಪಾಯಿ ಸರಿಯಾಗಿ ಒಂದು ತೊಲ, 11.66 ಗ್ರಾಂ. ಅದು ಕಲದಾರ. ನಾನು ಮಾರಿದ್ದು ನಿಜಾಮನ ಹಾಲಿ ಸಿಕ್ಕಾ. 1948ರ ತನಕ ಉಮರ್ಗಾ, ನಿಲಂಗಾ, ಉದಗೀರಗಳಲ್ಲಿ ಸಂತೆ ನಡೆದದ್ದೇ ಹಾಲಿಯಲ್ಲಿ. ಅದರ ಟಂಕಸಾಲೆಯ ತೂಕ 11.178 ಗ್ರಾಂ, ಬೆಳ್ಳಿ ನೂರಕ್ಕೆ 81.8. ಕಲದಾರದಲ್ಲಿ ಬೆಳ್ಳಿ ನೂರಕ್ಕೆ 91.7. ಲೆಕ್ಕ ಹಾಕಿ ನೋಡಿ: ಹಾಲಿಯಲ್ಲಿ 9.14 ಗ್ರಾಂ ಶುದ್ಧ ಬೆಳ್ಳಿ, ಕಲದಾರದಲ್ಲಿ 10.69. ಅಂದರೆ ಏಳು ಹಾಲಿ ಕೊಟ್ಟರೆ ಆರು ಕಲದಾರ. ಸರ್ಕಾರಿ ದರವೂ ಅದೇ ಆಗಿತ್ತು, 100 ಕಲದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ. ‘ಸೊಲ್ಲಾಪುರಕ್ಕ ಹೋದ್ರ ಹಾಲಿಗೆ ವಟ್ಟಾ ಹಿಡೀತಿದ್ರು, ಹೊಟ್ಟಿ ಉರೀತಿತ್ತು’ ಎಂದು ಅಜ್ಜಿ ಹೇಳುತ್ತಿದ್ದಳು. ಸೊಲ್ಲಾಪುರ ಇಂಗ್ಲಿಷರದು, ನಾವು ನಿಜಾಮನವರು. ವಟ್ಟಾ ಅಂದರೆ ನಾಣ್ಯ ಬದಲಿಸುವಾಗ ಮುರಿದುಕೊಳ್ಳುವ ಕಡಿತ. ಎಪ್ಪತ್ತು ವರ್ಷವಾದ ಮೇಲೆ ಅದೇ ವಟ್ಟಾ ನನ್ನ ಮೊಬೈಲಿಗೆ ಬಂದಿತ್ತು.

ಕೊಂಡವನ ಎರಡನೆಯ ಸಂದೇಶ ಇನ್ನೂ ಚೆನ್ನಾಗಿತ್ತು. ನಾಣ್ಯದ ಮೇಲೆ ಚಾರ್‌ಮಿನಾರ್ ಜೊತೆ ‘92’ ಎಂದಿದೆ, ಅದು ಇಸವಿಯೇ ಅಲ್ಲ, ನಕಲಿ ಮಾಡಿದವನು ಸಿಕ್ಕಿಬಿದ್ದಿದ್ದಾನೆ ಎಂದಿದ್ದ. 92 ಇಸವಿಯಲ್ಲ ಎಂಬುದು ನಿಜ. ಅರಬ್ಬಿ ಅಕ್ಷರಗಳಿಗೆ ಬೆಲೆ ಕಟ್ಟುವ ಅಬ್ಜದ್ ಲೆಕ್ಕದಲ್ಲಿ ಮುಹಮ್ಮದ್ ಎಂಬ ಹೆಸರಿನ ಮೊತ್ತ ಅದು. ಇಸವಿ ಬೇರೆ ಇದೆ, ಹಿಜರಿ 1337, ಅಂದರೆ 1918–19. ಚಾರ್‌ಮಿನಾರಿನ ನಡುಬಾಗಿಲಲ್ಲಿ ‘ಐನ್’ ಅಕ್ಷರ ನಿಂತಿದೆ, ನಿಜಾಮ ಉಸ್ಮಾನ್ ಅಲಿ ಖಾನನ ಗುರುತು. ಅವನ ಅಪ್ಪ ಮಹಬೂಬ್ ಅಲಿ ಖಾನನ ನಾಣ್ಯದಲ್ಲಿ ಅದೇ ಬಾಗಿಲಲ್ಲಿ ‘ಮೀಮ್’ ಇರುತ್ತದೆ. ಆ ಉಸ್ಮಾನನ ಹೆಸರೇ ನಮ್ಮ ಜಿಲ್ಲೆಗೂ ಇತ್ತು, 2023ರಲ್ಲಿ ಉಸ್ಮಾನಾಬಾದ್ ಹೋಗಿ ಧಾರಾಶಿವ ಆಯಿತು.

ತಾಣದವರು ಹಣ ತಡೆಹಿಡಿದು ನನಗೆ ಮೂರು ದಿನ ಗಡುವು ಕೊಟ್ಟರು. ಅಲ್ಲಿ ಕೂತು ತೀರ್ಪು ಕೊಡುವ ಹುಡುಗನಿಗೆ ಹಾಲಿ ಯಾವುದು, ಕಲದಾರ ಯಾವುದು ಎಂದು ಗೊತ್ತಿರಬೇಕೆಂದೇನಿಲ್ಲ. ಅವನ ಮುಂದಿರುವುದು ಎರಡು ಫೋಟೊ, ಎರಡು ಮಾತು. ಆದ್ದರಿಂದ ನೋಡಿದವರಿಗೆ ತಿಳಿಯುವ ಪುರಾವೆ ಬೇಕಿತ್ತು.

ಉಮರ್ಗಾದ ಸರಾಫರೊಬ್ಬರ ಹತ್ತಿರ ಹೋದೆ, ಅದೇ ಗಂಟಿನ ಇನ್ನೆರಡು ನಾಣ್ಯ ಹಿಡಿದುಕೊಂಡು. ಅವರು ಮಾತಾಡುತ್ತಲೇ ಒರೆಗಲ್ಲು ತೆಗೆದರು. ಕೈ ಹಿಡಿದು ನಿಲ್ಲಿಸಿದೆ. ಒರೆಗೆ ಹಚ್ಚಿದ ಗೆರೆ ನಾಣ್ಯದ ಮೇಲೆ ಉಳಿಯುತ್ತದೆ, ಸಂಗ್ರಹಕಾರ ಅದಕ್ಕೆ ಇನ್ನೂರು ಮುನ್ನೂರು ಕಡಿಯುತ್ತಾನೆ. ಹಾಲ್‌ಮಾರ್ಕ್ ಕೇಂದ್ರಗಳಲ್ಲಿ ಗೀರದೆ ಪರೀಕ್ಷಿಸುವ ಎಕ್ಸ್‌ಆರ್‌ಎಫ್ ಯಂತ್ರ ಇರುತ್ತದೆ. ಆದರೆ ತಕರಾರಿನ ನಾಣ್ಯವೇ ಕೊಂಡವನ ಕೈಯಲ್ಲಿರುವಾಗ ನಾನು ಯಾವುದನ್ನು ಒಯ್ಯಲಿ?

ಕೊನೆಗೆ ನೆರವಾದದ್ದು ಒಂದು ಲೋಟ ನೀರು. ಮಾರುವ ಮುನ್ನ ಪ್ರತಿ ನಾಣ್ಯಕ್ಕೂ ಇದನ್ನು ಮಾಡಿ ಫೋಟೊ ತೆಗೆದಿಡುವ ಚಟ ನನಗಿದೆ. ಗ್ರಾಮಿನ ನೂರನೇ ಭಾಗ ತೋರಿಸುವ ಸಣ್ಣ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಬೇಕು. ನಾಣ್ಯವನ್ನು ತೆಳ್ಳನೆಯ ದಾರಕ್ಕೆ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದಂತೆ ನೀರಲ್ಲಿ ಇಳಿಬಿಡಬೇಕು. ಅಂಟಿದ ಗುಳ್ಳೆಗಳನ್ನು ಮೆಲ್ಲಗೆ ಅಲುಗಿಸಿ ಬಿಡಿಸಬೇಕು. ಆಗ ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ. ಆ ನಾಣ್ಯಕ್ಕೆ 1.09 ಬಂದಿತ್ತು. 11.04ನ್ನು ಅದರಿಂದ ಭಾಗಿಸಿದರೆ 10.13. ಹಾಲಿಯ ಬೆಳ್ಳಿ–ತಾಮ್ರದ ಬೆರಕೆಗೆ ಸುಮಾರು 10.17 ಇರಬೇಕು. ಬೆಳ್ಳಿ ನೀರು ಕುಡಿಸಿದ ಬರೀ ತಾಮ್ರವಾಗಿದ್ದರೆ 1.23 ತೋರಿಸುತ್ತಿತ್ತು. ಅಪ್ಪಟ ಬೆಳ್ಳಿಯ ನಕಲಿ ಹುಟ್ಟುವುದೇ ಇಲ್ಲ ಅಂತಲ್ಲ. ಆದರೆ ಆಗ ಸಾವಿರದೊಳಗೆ ಮಾರುತ್ತಿದ್ದ ನಾಣ್ಯಕ್ಕೆ ಅಷ್ಟು ಕಷ್ಟಪಡುವ ಕಳ್ಳನಿಗೆ ಲೆಕ್ಕ ಬರುತ್ತಿರಲಿಲ್ಲ.

ಈ ಫೋಟೊಗಳನ್ನು ಕಳಿಸಲು ಜೋಡಿಸುವಾಗಲೇ ನನ್ನ ಕಡೆಯ ತಪ್ಪು ಕಣ್ಣಿಗೆ ಬಿತ್ತು.

ಅಜ್ಜಿಯ 23ರಲ್ಲಿ ನಾಲ್ಕು ಹಿಂದೆ ಕೊರಳ ಸರದಲ್ಲಿದ್ದವು. ಕೊಂಡಿ ಕತ್ತರಿಸಿ ತೆಗೆದಿದ್ದರೂ ಬೆಸುಗೆಯ ಗುರುತು ಹೋಗಿಲ್ಲ. ಮಾರಿದ್ದು ಆ ನಾಲ್ಕರಲ್ಲಿ ಒಂದು. ಮಿನಾರುಗಳ ನೇರ ಮೇಲೆ, ಅಂಚಿನಲ್ಲಿ, ಜೋಳದ ಕಾಳಿನಷ್ಟು ಜಾಗ ಹಳದಿ ತಿರುಗಿದೆ. ಅಲ್ಲಿ ಅಂಚಿನ ಗೆರೆಗಳೂ ಇಲ್ಲ. ನಾನು ಹರಾಜಿಗೆ ಹಾಕಿದ ಫೋಟೊದಲ್ಲಿ ಬೆಳಕು ಸರಿಯಾಗಿ ಅಲ್ಲಿಯೇ ಬಿದ್ದು ಅದು ಬೆಳ್ಳಗೆ ಕಾಣುತ್ತಿತ್ತು. ವಿವರದಲ್ಲಿ ‘ಚೆನ್ನಾಗಿದೆ’ ಎಂದಿದ್ದೆ, ಬೆಸುಗೆಯ ಮಾತೇ ಇರಲಿಲ್ಲ. ಬೇಕೆಂದೇ ಮುಚ್ಚಿಟ್ಟೆನಾ? ಇಲ್ಲ ಎನ್ನಬಲ್ಲೆ. ಬರೆಯಬೇಕೆಂದು ಹೊಳೆದಿತ್ತಾ? ಹೊಳೆದಿತ್ತು. ಅಂಚಿನಲ್ಲಿ ಹಳದಿ ಲೋಹ ಕಂಡವನು ಒಳಗೆಲ್ಲ ಹಿತ್ತಾಳೆ ಇರಬಹುದು ಎಂದುಕೊಂಡರೆ ಅವನನ್ನು ದೂರುವುದು ಹೇಗೆ?

ನಾಣ್ಯ ನಕಲಿಯಲ್ಲ, ನನ್ನ ವಿವರ ಮಾತ್ರ ಅರ್ಧ ನಕಲಿ. ಎರಡೂ ಬೇರೆ ಬೇರೆ ತಕರಾರು, ಎರಡಕ್ಕೂ ಬೇರೆ ಬೇರೆ ಉತ್ತರ. ‘ನಕಲಿ’ ಎಂಬುದಕ್ಕೆ ತೂಕ, ನೀರು, ಹಾಲಿ–ಕಲದಾರದ ಲೆಕ್ಕ ಕಳಿಸಿದೆ. ಬೆಸುಗೆಯ ವಿಷಯ ನಾನೇ ಎತ್ತಿ, ಅದನ್ನು ಹೇಳದಿದ್ದದ್ದು ನನ್ನ ತಪ್ಪು, ನಾಣ್ಯ ವಾಪಸ್ ಕಳಿಸಿ, ಅಂಚೆ ಖರ್ಚೂ ನನ್ನದೇ ಎಂದು ಬರೆದೆ. ಈಗಂತೂ ಇದು ದೊಡ್ಡಸ್ತಿಕೆಯ ಮಾತೂ ಅಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಜಾಹೀರಾತಿನಲ್ಲಿ ಹೇಳಿದಂತಿಲ್ಲದ ಮಾಲನ್ನು ಮಾರಾಟಗಾರ ವಾಪಸ್ ತೆಗೆದುಕೊಳ್ಳಲೇಬೇಕು.

ಆಗ ಅವನು ದಾರಿ ಬದಲಿಸಿದ. ‘ವಾಪಸ್ ಗಿಪಸ್ ಯಾಕೆ, 300 ಬಿಡಿ, ನಾನೇ ಇಟ್ಟುಕೊಳ್ಳುತ್ತೇನೆ’ ಎಂದ.

ಆಸೆಯಾಯಿತು. ಅಂಚೆ, ಕಾಯುವುದು, ಮತ್ತೆ ಹರಾಜು, ಎಲ್ಲ ತಪ್ಪುತ್ತಿತ್ತು. ಆದರೆ ತಾಣದ ಕಡತದಲ್ಲಿ ತಕರಾರಿನ ಹೆಸರು ‘ನಕಲಿ’ ಎಂದೇ ಇತ್ತು. ಅದರ ಕೆಳಗೆ 300 ಬಿಟ್ಟರೆ, ನಕಲಿ ಎಂದು ಒಪ್ಪಿ ರಿಯಾಯಿತಿಗೆ ಮಾರಿದಂತೆ. ಸುಳ್ಳು ನಾಣ್ಯವಾದರೆ ಅವನಿಗೆ 650ಕ್ಕೂ ಬೇಡವಾಗಬೇಕು. ಖರೇ ನಾಣ್ಯವಾದರೆ ನಾನು ನಕಲಿ ಎಂದು ಒಪ್ಪುವುದೇಕೆ? ಸವೆತ, ಗೀರು, ಬೆಸುಗೆಯ ತಕರಾರಾದರೆ ಚೌಕಾಸಿ ಮಾಡಿ, ತಪ್ಪಿಲ್ಲ. ಖರೇ–ಖೋಟಾ ಪ್ರಶ್ನೆಗೆ ಮಾತ್ರ ಅರ್ಧ ದುಡ್ಡಿನ ಉತ್ತರ ಕೊಡಬೇಡಿ.

ಇನ್ನೊಂದು ಒತ್ತಾಯ, ‘ಮೊದಲು ಹಣ, ಆಮೇಲೆ ನಾಣ್ಯ’ ಎಂಬುದು. ಅದಕ್ಕೂ ಒಪ್ಪಲಿಲ್ಲ. ವಾಪಸ್ ಬರುವುದು ನಾನು ಕಳಿಸಿದ ನಾಣ್ಯವೇ ಎಂದು ಏನು ಖಾತ್ರಿ? ಎಡ ಮಿನಾರಿನ ಬುಡದಲ್ಲಿ ಒಂದು ಸೂಜಿಮೊನೆಯ ಕಚ್ಚು ಇರುವುದು ನನ್ನ ಫೋಟೊದಲ್ಲಿ ದಾಖಲಾಗಿತ್ತು. ಎಂಟು ದಿನಕ್ಕೆ ಲಕೋಟೆ ಬಂತು. ಬಿಚ್ಚುವಾಗ ಮಗಳು ಮೊಬೈಲಿನಲ್ಲಿ ಚಿತ್ರಿಸಿದಳು. ಹಿಂದಿ ಪತ್ರಿಕೆಯ ತುಂಡಿನಲ್ಲಿ ಸುತ್ತಿತ್ತು. ಕಚ್ಚು ಇದೆ. ತೂಕ 11.04. ನೀರಲ್ಲಿ 1.09. ತಡೆಹಿಡಿದ ಹಣ ಅವನಿಗೆ ವಾಪಸ್ ಕೊಡಲು ಅಂದೇ ತಾಣಕ್ಕೆ ತಿಳಿಸಿದೆ. ಹಣ ‘ಪಡೆಯಲು’ ಕ್ಯುಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಎನ್ನುವವರ ಕಾಟ ಇಂಥ ವ್ಯವಹಾರಗಳಲ್ಲಿ ಈಗ ವಿಪರೀತ. ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ. ಹಳೆಯ ನೋಟು ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ ಎಂದು ತನ್ನ ಹೆಸರಲ್ಲೇ ಮೋಸ ನಡೆದಿದೆ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿ ಎಚ್ಚರಿಸಿತ್ತು. ಅಂಥ ಮೋಸಕ್ಕೆ ಸಿಕ್ಕಿಬಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹೊಲ ಉಳುವಾಗ ಸಿಕ್ಕ ನಾಣ್ಯ ಮಾರಿಕೊಡುತ್ತೀರಾ ಎಂದು ಊರಲ್ಲಿ ಕೆಲವರು ಕೇಳುತ್ತಾರೆ. ನಾನು ಮುಟ್ಟುವುದಿಲ್ಲ. ಮಣ್ಣಲ್ಲಿ ಸಿಕ್ಕ ನಿಧಿ ಹತ್ತು ರೂಪಾಯಿ ಮೀರಿದರೆ ಕಲೆಕ್ಟರರಿಗೆ ತಿಳಿಸಬೇಕೆಂದು 1878ರ ಕಾಯಿದೆಯೇ ಇದೆ. 1972ರ ಕಾಯಿದೆಯಂತೆ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ವ್ಯಾಪಾರಕ್ಕೆ ಪರವಾನಗಿ ಬೇಕು, ದೇಶದಾಚೆ ಕಳಿಸುವಂತಿಲ್ಲ. 2017ರಲ್ಲಿ ಹಿಜರಿ 1337ರ ನಾಣ್ಯಕ್ಕೆ ನೂರಾಗಿರಲಿಲ್ಲ, ಈಗ ಆಗಿದೆ. ಹಾಗಾಗಿ ಅಜ್ಜಿಯ ಉಳಿದ ನಾಣ್ಯಗಳು ಸ್ಟೀಲ್ ಡಬ್ಬಿಯಲ್ಲಿವೆ.

ವಾಪಸ್ ಬಂದದ್ದನ್ನು ಆ ಡಿಸೆಂಬರಿನಲ್ಲೇ ಮತ್ತೆ ಹರಾಜಿಗೆ ಹಾಕಿದ್ದೆ. ಈ ಸಲ ಮೊದಲ ಫೋಟೊವೇ ಹಳದಿ ಬೆಸುಗೆಯದು. ‘ಹಾಲಿ ಸಿಕ್ಕಾ, ಕಲದಾರ ಅಲ್ಲ, 11.04 ಗ್ರಾಂ, ಕೊಂಡಿ ತೆಗೆದ ಗುರುತಿದೆ, 92 ಇಸವಿಯಲ್ಲ’ ಎಂದು ಬರೆದೆ. 820ಕ್ಕೆ ಹೋಯಿತು. ಬೆಲೆಯಲ್ಲಿ 130 ಕಳೆಯಿತು, ಎರಡು ಹೆಚ್ಚುವರಿ ಅಂಚೆಗೆ 120. ಒಟ್ಟು 250 ಲುಕ್ಸಾನು, ಅವನು ಕೇಳಿದ್ದಕ್ಕಿಂತ 50 ಕಡಿಮೆಯೇ.

ಹರಾಜು ಮುಗಿದ ಮೇಲೆ ಕೂಗಿದವರ ಪಟ್ಟಿ ತೆರೆದೆ. ಕೆಳಗಿನಿಂದ ಮೂರನೆಯ ಹೆಸರು ಅವನದೇ. ಕೂಗಿದ್ದು 650.